ವಿಟಮಿನ್ ಡಬ್ಬಿಯಲ್ಲಿ ಇದ್ದದ್ದು

ಮಂಗಳಾ, ನಿನಗೆ ಯಾವ ಕಾಯಿಲೆಯೂ ಇರಲಿಲ್ಲ. ಕಾಯಿಲೆಯನ್ನು ಕೊಟ್ಟವಳು ನಾನು — ಬೆಳಿಗ್ಗೆ ಎರಡು, ಸಂಜೆ ಎರಡು, ಏನಾದರೂ ತಿಂದ ಮೇಲೆ, ಎಂಟು ತಿಂಗಳು. ಡಾಕ್ಟರು ಕೇಳಿದಾಗ ಅದನ್ನು ಮುಚ್ಚಿಟ್ಟವಳೂ ನಾನೇ. ಹನ್ನೆರಡು ವರ್ಷದಿಂದ ನೀನು ನುಂಗುತ್ತಿರುವ ಮಾತ್ರೆ, ಗಂಡನ ಮನೆ ಬಿಟ್ಟು ನೀನು ಬರಬೇಕಾದದ್ದು, ನಿನ್ನ ಬೆನ್ನಿಗೆ ಅಂಟಿಕೊಂಡಿರುವ ‘ರೋಗಿಷ್ಟೆ’ ಎಂಬ ಮಾತು — ಎಲ್ಲದಕ್ಕೂ ಮೂಲ ಒಂದೇ. ಇದನ್ನು ಎದುರು ಕೂತು ಹೇಳಬೇಕಿತ್ತು. ಎಷ್ಟೋ ಸಲ ಬಾಯಿ ತೆರೆದೆ, ಬೇರೆ ಏನೋ ಮಾತಾಡಿ ಎದ್ದುಬಂದೆ. ಅದಕ್ಕೇ ಬರೆಯುತ್ತಿದ್ದೇನೆ.

ಕ್ರಮವಾಗಿ ಹೇಳುತ್ತೇನೆ. ಇಷ್ಟು ವರ್ಷ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತವಳಿಗೆ ಅದೊಂದೇ ಬರುವುದು — ಯಾವ ಔಷಧಿ, ಎಷ್ಟು, ಎಷ್ಟು ದಿನ. ಅತ್ತು ಕರೆದು ಬರೆದರೆ ನೀನೇ ನನ್ನನ್ನು ಸಮಾಧಾನ ಮಾಡಲು ನಂಜನಗೂಡಿನಿಂದ ಬಸ್ಸು ಹತ್ತಿಕೊಂಡು ಬಂದುಬಿಡುತ್ತೀಯ. ನಿನ್ನ ಸ್ವಭಾವ ನನಗೆ ಗೊತ್ತು. ಹಾಗಾಗಬಾರದು.

ನಾನು ನಿಮ್ಮ ಮನೆಗೆ ಸೊಸೆಯಾಗಿ ಬಂದಾಗ ನೀನಿನ್ನೂ ಹೈಸ್ಕೂಲಿನಲ್ಲಿದ್ದೆ. ನಿಮ್ಮಣ್ಣ ಮದುವೆಯಾದದ್ದು ನನ್ನನ್ನಲ್ಲ, ನನ್ನ ಡಿ ಫಾರ್ಮ ಸರ್ಟಿಫಿಕೇಟನ್ನು ಎಂದು ನೀನೇ ತಮಾಷೆ ಮಾಡುತ್ತಿದ್ದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮದುವೆಯಾದ ವರ್ಷವೇ ತಿ. ನರಸೀಪುರದ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಅಂಗಡಿ ತೆರೆದರು, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕದಲ್ಲಿ ನೇತುಹಾಕಿದರು. ಸುತ್ತಲ ಹಳ್ಳಿಯವರು ನನ್ನನ್ನು ಡಾಕ್ಟರಮ್ಮ ಎಂದು ಕರೆಯುತ್ತಿದ್ದರು. ಅಲ್ಲ ಎಂದು ಒಂದೆರಡು ಸಲ ತಿದ್ದಿದೆ, ಆಮೇಲೆ ಬಿಟ್ಟೆ. ಕೇಳಲು ಹಿತವಾಗಿತ್ತು.

ನಿನ್ನನ್ನು ನೋಡಲು ಮೊದಲು ಬಂದ ಇಬ್ಬರು ಗಂಡಿನ ಕಡೆಯವರೂ ಉಪ್ಪಿಟ್ಟು ತಿಂದು ಹೋದವರು ಮತ್ತೆ ಬರಲಿಲ್ಲ. ಮೊದಲನೆಯವರು ಮಧ್ಯಸ್ಥನ ಕೈಲಿ ಹೇಳಿ ಕಳಿಸಿದ ಮಾತು ನಿನಗೆ ನೆನಪಿರಬೇಕು — “ಹುಡ್ಗಿ ಬಾಳ ನರಪೇತ್ಲ, ಒಳ್ಗೆ ಏನಾರ ಕಾಯ್ಲೆಗೀಯ್ಲೆ ಅದ್ಯೇನೋ.” ಎರಡನೆಯವರು ಅಷ್ಟೂ ಹೇಳಲಿಲ್ಲ. ನೀನು ತೆಳ್ಳಗಿದ್ದೆ, ನಿಜ. ಆದರೆ ಬಿಂದಿಗೆ ನೀರು ಸೊಂಟಕ್ಕಿಟ್ಟುಕೊಂಡು ಮಹಡಿ ಮೆಟ್ಟಿಲು ಓಡಿ ಹತ್ತುತ್ತಿದ್ದೆ. ವರ್ಷಕ್ಕೊಮ್ಮೆ ನೆಗಡಿ ಬಿಟ್ಟರೆ ನೀನು ಮಲಗಿದ್ದನ್ನು ನಾನು ನೋಡಿದವಳಲ್ಲ. ಅಷ್ಟು ಗಟ್ಟಿಯಾಗಿದ್ದ ಹುಡುಗಿ.

ಆ ದೀಪಾವಳಿಯ ಮಾರನೆಯ ದಿನ ನಿಮ್ಮವ್ವ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. “ಅಂಗ್ಡಿ ತುಂಬ ಮಾತ್ರೆ ಮಡೀಕಂಡು ಕೂತಿದ್ದೀಯ ಕಣವ್ವ. ನಿನ್ ನಾದ್ನಿಗೆ ಮೈ ಬರಂಗೆ ಒಂದ್ ಮಾತ್ರೆ ಇಲ್ವಾ?”

ಇತ್ತು. ಅದೇ ತೊಂದರೆ. ಹೆಣ್ಣು ನೋಡುವ ಶಾಸ್ತ್ರಕ್ಕೆ ಮೂರು ತಿಂಗಳಿದೆ ಎನ್ನುವಾಗ ತಾಯಂದಿರು ಬಂದು ಪಿಸುಮಾತಿನಲ್ಲಿ ‘ಮೈ ತುಂಬೋ ಮಾತ್ರೆ’ ಕೇಳುತ್ತಿದ್ದರು, ಕೊಡುವ ಅಂಗಡಿಗಳೂ ಇದ್ದವು. ‘ಎಲ್ಲರೂ ಕೊಡುತ್ತಿದ್ದರು’ ಎಂದು ಇಲ್ಲಿ ಬರೆದೆ, ಮತ್ತೆ ಹೊಡೆದುಹಾಕಿದೆ. ಎಲ್ಲರೂ ಕೊಟ್ಟದ್ದು ಬೇರೆಯವರ ಮಕ್ಕಳಿಗೆ. ನಾನು ಕೊಟ್ಟದ್ದು ನಿನಗೆ. ಅತ್ತೆಯ ಕಣ್ಣಿನಲ್ಲಿ ಒಳ್ಳೆಯವಳಾಗಬೇಕಿತ್ತು — ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗುತ್ತಿಲ್ಲ.

ಆ ಮಾತ್ರೆಯ ಹೆಸರು ಡೆಕ್ಸಾಮೆಥಾಸೋನ್. ಸ್ಟೀರಾಯ್ಡ್ ಜಾತಿಯದು. ಸ್ಟ್ರಿಪ್ಪಿನಿಂದ ಒಂದೊಂದಾಗಿ ಬಿಡಿಸಿ, ಖಾಲಿಯಾಗಿದ್ದ ವಿಟಮಿನ್ ಡಬ್ಬಿಗೆ ತುಂಬಿ ನಿನ್ನ ಕೈಗೆ ಕೊಟ್ಟೆ. ನೀನು ಡಬ್ಬಿಯ ಮೇಲಿನ ಹಣ್ಣುಗಳ ಚಿತ್ರ ನೋಡಿ “ಕಿತ್ಲೆಹಣ್ಣಿನ ರುಚಿ ಇದ್ದದಾ ಅತ್ಗೆ?” ಎಂದು ಕೇಳಿದೆ. ಕಹಿ, ನೀರಿನ ಜೊತೆ ನುಂಗಿಬಿಡು ಎಂದೆ.

ಅದು ಮೈಯಲ್ಲಿ ಏನು ಮಾಡುತ್ತದೆ ಎಂಬುದನ್ನು ನೀನು ಈಗಲಾದರೂ ಸರಿಯಾಗಿ ತಿಳಿಯಬೇಕು. ನಮ್ಮ ಎರಡೂ ಮೂತ್ರಪಿಂಡಗಳ ಮೇಲೆ ಒಂದೊಂದು ಪುಟ್ಟ ಗ್ರಂಥಿ ಇರುತ್ತದೆ, ಅಡ್ರಿನಲ್ ಎಂದು. ಜ್ವರ ಬಂದಾಗ, ಪೆಟ್ಟು ಬಿದ್ದಾಗ, ಹಸಿದಾಗ ಮೈ ಕುಸಿಯದಂತೆ ಹಿಡಿದು ನಿಲ್ಲಿಸುವ ಹಾರ್ಮೋನು ಅಲ್ಲಿಂದ ಬರುತ್ತದೆ. ಅದನ್ನು ಹೋಲುವ ವಸ್ತುವನ್ನೇ ದಿನವೂ ಹೊರಗಿನಿಂದ ಕೊಡುತ್ತ ಹೋದರೆ ಗ್ರಂಥಿ ಕೆಲಸ ನಿಲ್ಲಿಸುತ್ತದೆ — ಪಕ್ಕದ ಮನೆಯಿಂದ ದಿನಾ ಊಟ ಬರುತ್ತಿದ್ದರೆ ನಮ್ಮ ಮನೆಯಲ್ಲಿ ಒಲೆ ಹಚ್ಚದ ಹಾಗೆ. ಹೊರಗಿನದನ್ನು ಒಂದು ದಿನ ತಟ್ಟನೆ ನಿಲ್ಲಿಸಿದರೆ ಒಲೆ ತಾನಾಗಿ ಹತ್ತಿಕೊಳ್ಳುವುದಿಲ್ಲ. ಅದಕ್ಕೇ ಈ ಮಾತ್ರೆಯನ್ನು ಹೆಚ್ಚು ದಿನ ತೆಗೆದುಕೊಂಡವರು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಬರಬೇಕು, ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ. ಇದು ನಾನು ಪರೀಕ್ಷೆಗೆ ಓದಿದ ಪಾಠ. ಆ ಪ್ರಶ್ನೆಗೆ ಪೂರ್ತಿ ಅಂಕ ಪಡೆದವಳು ನಾನು.

ಸಂಕ್ರಾಂತಿಗೆ ನಿನ್ನ ಕೆನ್ನೆ ತುಂಬಿತು. ಮೂರು ಹೊತ್ತೂ ಹಸಿವು ಹಸಿವು ಎನ್ನುತ್ತಿದ್ದೆ. ನಿಮ್ಮವ್ವ ದಿನಾ ಸಂಜೆ ದೃಷ್ಟಿ ತೆಗೆಯುತ್ತಿದ್ದರು. ಬಿಳಿಗೆರೆಯವರು ಬಂದು ನೋಡಿ ಅಂದೇ ಒಪ್ಪಿಕೊಂಡರು. ಗಂಡು ನಂಜುಂಡಸ್ವಾಮಿಗೆ ನಂಜನಗೂಡಿನ ಫ್ಯಾಕ್ಟರಿಯೊಂದರಲ್ಲಿ ಕೆಲಸ, ಮಾತು ಕಡಿಮೆ, ಒಳ್ಳೆಯ ಹುಡುಗ. ವೈಶಾಖದಲ್ಲಿ ಮದುವೆಯಾಯಿತು. ಅದಕ್ಕೂ ಮೊದಲೇ ನೀನು ಒಮ್ಮೆ ಅಂಗಡಿಯ ಹಿಂದಿನ ಕೋಣೆಗೆ ಬಂದು, ಎರಡು ತಿಂಗಳಿಂದ ಮುಟ್ಟಾಗಿಲ್ಲ ಅತ್ತಿಗೆ ಎಂದು ನಾಚಿಕೊಂಡು ಹೇಳಿದ್ದೆ. ಮದುವೆಯ ಗಾಬರಿಗೆ ಹಾಗಾಗುತ್ತದೆ ಎಂದು ನಾನು ನಕ್ಕೆ. ಮಾತ್ರೆಯಿಂದ ಹಾಗಾಗುತ್ತದೆಂದು ಗೊತ್ತಿದ್ದೇ ನಕ್ಕೆ. ಹೊರಡುವಾಗ ಸೀರೆಗಳ ಮಧ್ಯೆ ಇನ್ನೊಂದು ತುಂಬಿದ ಡಬ್ಬಿ ಇಟ್ಟು ಕಳಿಸಿದೆ.

ಆಷಾಢಕ್ಕೆ ನೀನು ತವರಿಗೆ ಬಂದೆ. ಬಸ್ಸಿನಿಂದ ಇಳಿದ ನಿನ್ನನ್ನು ನೋಡಿ ಅಕ್ಕಪಕ್ಕದವರು ಗಂಡನ ಮನೆ ಅನ್ನ ಚೆನ್ನಾಗಿ ಹಿಡಿದಿದೆ ಎಂದರು. ಮುಖ ತಟ್ಟೆಯಂತೆ ದುಂಡಗಾಗಿತ್ತು, ಕತ್ತಿನ ಹಿಂದೆ ಉಬ್ಬು, ಮೇಲ್ತುಟಿಯ ಮೇಲೆ ಸಣ್ಣ ರೋಮ. ನೀನು ಸೀರೆ ಬದಲಾಯಿಸುವಾಗ ಹೊಟ್ಟೆಯ ಮೇಲೆ ನೇರಳೆ ಬಣ್ಣದ ಗೆರೆಗಳನ್ನು ಕಂಡೆ. ಕೈಕಾಲು ಮಾತ್ರ ಮೊದಲಿಗಿಂತ ತೆಳ್ಳಗಾಗಿದ್ದವು. ನನಗೆ ಹೆದರಿಕೆಯಾಯಿತು, ಮಂಗಳಾ. ನಿನಗೆ ಏನಾಗುತ್ತದೋ ಎಂದಲ್ಲ. ಯಾರಾದರೂ ಗುರುತಿಸಿಬಿಟ್ಟರೆ ನನ್ನ ಗತಿ ಏನು ಎಂದು.

ಡಬ್ಬಿ ಖಾಲಿಯಾಗಿದೆ ಎಂದು ನೀನು ಚಾಚಿದಾಗ “ಸಾಕು ಬಿಡು, ಮೈ ಬಂತಲ್ಲ” ಎಂದೆ. ಅಷ್ಟೇ. ದಿನಕ್ಕೆ ನಾಲ್ಕು ಇದ್ದದ್ದು ಮಾರನೆಯ ದಿನದಿಂದ ಒಂದೂ ಇಲ್ಲ. ಇಳಿಸುತ್ತ ಬರಬೇಕೆಂದು ನನಗೆ ಗೊತ್ತಿತ್ತು. ಆದರೆ ವಾರಕ್ಕೆ ಇಷ್ಟು ಕಡಿಮೆ ಮಾಡು ಎಂದರೆ ನೀನು ಯಾಕೆ ಎಂದು ಕೇಳುತ್ತೀಯ — ವಿಟಮಿನ್ನನ್ನು ಯಾರೂ ಹಾಗೆ ಲೆಕ್ಕ ಹಾಕಿ ಬಿಡಿಸುವುದಿಲ್ಲ. ಆ ಒಂದು ‘ಯಾಕೆ’ ತಪ್ಪಿಸಿಕೊಳ್ಳಲು ನಾನು ನಿನ್ನ ಜೀವವನ್ನು ಪಣಕ್ಕಿಟ್ಟೆ. ಕೊಟ್ಟದ್ದು ತಿಳಿಗೇಡಿತನ ಎನ್ನಬಹುದು. ನಿಲ್ಲಿಸಿದ್ದು ತಿಳಿದೂ ಮಾಡಿದ ಕೆಲಸ.

ಆ ತಿಂಗಳೆಲ್ಲ ನೀನು ಮಂಕಾಗಿ ಗೋಡೆಗೊರಗಿ ಕೂತಿರುತ್ತಿದ್ದೆ. ಊಟ ಸೇರುತ್ತಿರಲಿಲ್ಲ, ಕೀಲುಗಳೆಲ್ಲ ನೋವು ಎನ್ನುತ್ತಿದ್ದೆ. ಗಂಡನನ್ನು ಬಿಟ್ಟಿರಲಾರದ ಸಂಕಟ ಎಂದು ಓಣಿಯ ಹೆಂಗಸರು ಚುಡಾಯಿಸಿದರು. ನಾನೂ ಅವರೊಂದಿಗೆ ಸೇರಿ ಚುಡಾಯಿಸಿದೆ.

ಶ್ರಾವಣದಲ್ಲಿ ನೀನು ಬಿಳಿಗೆರೆಗೆ ಹೋದ ವಾರದಲ್ಲೇ ಅಂಗಡಿಗೆ ಫೋನು ಬಂತು. ನಿಮ್ಮತ್ತೆ ದೇವೀರಮ್ಮನ ದನಿ ಕುಣಿಯುತ್ತಿತ್ತು: “ಸೊಸೆ ವಾಂತಿ ಮಾಡ್ತಾವ್ಳೆ ಕಣ್ರವ್ವ! ಮದ್ವೆ ಆದಾಗ್ಲಿಂದ ಹೊರ್ಗೂ ಕೂತಿಲ್ಲ. ಸಕ್ರೆ ತಕ್ಕಂಡು ಬನ್ನಿ.” ಹೊಸ ಮದುಮಗಳು, ಮುಟ್ಟು ನಿಂತಿದೆ, ವಾಂತಿ, ತುಂಬಿದ ಮುಖ — ಇದಕ್ಕೆ ನಮ್ಮ ಕಡೆ ಬೇರೆ ಯಾವ ಅರ್ಥವಿದೆ ಹೇಳು. ನಿಮ್ಮವ್ವ ಮೈಸೂರುಪಾಕು, ಹೂವು, ಬಳೆ ಎಂದು ಚೀಲ ತುಂಬಿದರು. ಗರ್ಭ ನಿಂತಿದೆಯೇ ಎಂದು ಮೂತ್ರದಲ್ಲಿ ನೋಡುವ ಕಾರ್ಡು ನಮ್ಮ ಅಂಗಡಿಯ ಎರಡನೆಯ ಖಾನೆಯಲ್ಲೇ ಇತ್ತು. ನಾನು ಅದನ್ನು ತೆಗೆದುಕೊಳ್ಳಲಿಲ್ಲ. ನೋಡಿದ್ದರೆ ಅದರಲ್ಲಿ ಏನೂ ಬರುವುದಿಲ್ಲವೆಂದು ನನಗೆ ಗೊತ್ತಿತ್ತು.

ನೀನು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದೆ. ಊರಿನ ಹೆಂಗಸರು ಸುತ್ತ ಕೂತು ನಗುತ್ತಿದ್ದರು. ಒಬ್ಬಾಕೆ ಹುಣಸೆಹಣ್ಣಿನ ಗೊಜ್ಜು ಕಲಸಿ ತಂದಿದ್ದಳು. ನಿನ್ನ ಕೈ ಹಿಡಿದೆ — ತಣ್ಣಗಿತ್ತು, ನಾಡಿ ಸಿಗುವುದೇ ಕಷ್ಟವಾಗಿತ್ತು. ಎದ್ದು ಕೂತರೆ ಕಣ್ಣು ಕತ್ತಲೆ ಬರುತ್ತದೆ ಎಂದು ನೀನು ಹೇಳಿದೆ. ನಿನ್ನ ದೃಷ್ಟಿ ನನ್ನ ಮೇಲೇ ಇತ್ತು. ಮನೆಯಲ್ಲಿ ಔಷಧಿ ತಿಳಿದವಳು ನಾನೊಬ್ಬಳೇ ಅಲ್ಲವೇ. “ಅತ್ಗೆ, ಇದು ಬಸುರಿ ಸಂಕಟ ಅಲ್ಲ ಅನ್ನುಸ್ತದೆ” ಎಂದು ಮೆಲ್ಲಗೆ ಹೇಳಿದೆ. ಎಲ್ಲರೂ ಕೇಳುತ್ತಿದ್ದರು. “ಮೊದಲ ಸಲ ಹಂಗೇ ಅನ್ನುಸ್ತದೆ ಕಣವ್ವ” ಎಂದೆ ನಾನು. ಹೆಂಗಸರು ನಕ್ಕರು. ನಾನು ಮೈಸೂರುಪಾಕು ಹಂಚಿ, ಮೂರು ಗಂಟೆಯ ಬಸ್ಸಿಗೆ ವಾಪಸು ಬಂದೆ.

ಆ ಬಸ್ಸಿನಲ್ಲಿ ನಾನು ಏನು ಯೋಚಿಸಿದೆ ಎಂದು ನೆನಪು ಮಾಡಿಕೊಳ್ಳಲು ಎಷ್ಟು ತಿಣುಕಿದರೂ — ನಿಜ ಹೇಳಬೇಕೆಂದರೆ, ಕಿಟಕಿಯಿಂದ ಗಾಳಿ ಬರುತ್ತಿತ್ತು, ನಿದ್ದೆ ಹೋದೆ.

ಮರುದಿನ ಮಧ್ಯಾಹ್ನ ನೀನು ಪ್ರಜ್ಞೆ ತಪ್ಪಿ ಬಿದ್ದೆ. ನಂಜನಗೂಡಿನಲ್ಲಿ ಒಂದು ಬಾಟಲಿ ಏರಿಸಿ, ಇಲ್ಲಿ ಆಗುವುದಿಲ್ಲವೆಂದು ಮೈಸೂರಿಗೆ ಕಳಿಸಿದರು. ಬಿ.ಪಿ. ಇಲ್ಲವೆನ್ನುವಷ್ಟು ಕೆಳಗಿತ್ತು. ಬಸುರಿಯಲ್ಲ ಎಂಬುದು ಅಲ್ಲಿ ಮೊದಲ ಹತ್ತು ನಿಮಿಷದಲ್ಲೇ ತಿಳಿಯಿತು. ಹಾರ್ಮೋನ್ ಕಾಯಿಲೆಗಳ ಡಾಕ್ಟರೊಬ್ಬರನ್ನು ಕರೆಸಿದರು. ಅವರು ನಿನ್ನ ಮುಖ, ಕತ್ತು, ಹೊಟ್ಟೆಯ ಗೆರೆ ಎಲ್ಲ ನೋಡಿ, ಕಾರಿಡಾರಿನಲ್ಲಿ ನಿಂತಿದ್ದ ನಮ್ಮ ಹತ್ತಿರ ಬಂದರು.

“ಈಕೆಗೆ ಸ್ಟೀರಾಯ್ಡ್ ಏನಾದ್ರೂ ಕೊಡ್ತಿದ್ರಾ? ದಮ್ಮಿಗೆ, ಕೀಲುನೋವಿಗೆ, ನಾಟಿ ಪುಡಿ... ಏನಾದ್ರೂ? ಯೋಚನೆ ಮಾಡಿ ಹೇಳಿ. ನೋಡಿದ್ರೆ ನನಗೆ ಹಾಗೇ ಅನ್ನಿಸ್ತಿದೆ.”

ನಾನು ಬಾಯಿ ತೆರೆಯುವ ಮೊದಲೇ ನಿಮ್ಮಣ್ಣ ಹೇಳಿದರು, “ನಮ್ದೇ ಮೆಡಿಕಲ್ ಸ್ಟೋರು ಸಾ. ಇವ್ರು ಡಿ ಫಾರ್ಮ ಓದವ್ರೆ. ಅಂಥದ್ ತಕ್ಕಂಡಿದ್ರೆ ಇವ್ರಿಗೆ ಗೊತ್ತಾಗ್ದೆ ಇರ್ತದಾ?”

ಡಾಕ್ಟರು ನನ್ನ ಕಡೆ ತಿರುಗಿದರು. ನಿಮ್ಮವ್ವ, ದೇವೀರಮ್ಮ, ನಂಜುಂಡಸ್ವಾಮಿ ಎಲ್ಲರೂ ಅಲ್ಲೇ ಇದ್ದರು.

“ಇಲ್ಲ ಸಾರ್. ವಿಟಮಿನ್ ಬಿಟ್ಟು ಬೇರೇನೂ ಇಲ್ಲ” ಎಂದೆ.

ಅವರು ನನ್ನ ಮಾತನ್ನು ನಂಬಿದರು. ಓದು ಬರಹ ಬಾರದ ಹೆಂಗಸು ಹೇಳಿದ್ದರೆ ಇನ್ನೂ ನಾಲ್ಕು ಪ್ರಶ್ನೆ ಕೇಳುತ್ತಿದ್ದರು. ಸ್ಟೀರಾಯ್ಡಿನ ಇಂಜೆಕ್ಷನ್ನನ್ನೇ ಕೊಟ್ಟರು, ನೀನು ಸಂಜೆಯ ಹೊತ್ತಿಗೆ ಕಣ್ಣುಬಿಟ್ಟು ಕಾಫಿ ಕೇಳಿದೆ. ಆಮೇಲೆ ಕಾರಣ ಹುಡುಕಲು ಹೊರಟರು. ಇಲ್ಲದ್ದನ್ನು ಹುಡುಕುವ ಕೆಲಸ, ನನ್ನ ದಯೆ. ಎಷ್ಟೋ ಸಲ ರಕ್ತ ತೆಗೆದರು, ತಲೆಯ ಸ್ಕ್ಯಾನ್ ಮಾಡಿದರು. ಕೊನೆಗೆ, ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯಿಂದ ಅಡ್ರಿನಲ್ಲಿಗೆ ಹೋಗಬೇಕಾದ ಸೂಚನೆ ಹೋಗುತ್ತಿಲ್ಲ, ಕಾರಣ ತಿಳಿಯುತ್ತಿಲ್ಲ, ಆ ಹಾರ್ಮೋನಿನ ಬದಲಿಗೆ ಮಾತ್ರೆ ಜೀವನಪೂರ್ತಿ ಬೇಕಾಗಬಹುದು ಎಂದರು. ನಿನ್ನ ಫೈಲಿನ ಮೂಲೆಯಲ್ಲಿ ‘ಸ್ಟೀರಾಯ್ಡ್’ ಎಂದು ಬರೆದು ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿದ್ದನ್ನು ನಾನು ನೋಡಿದೆ. ಮುಂದಿನ ಸಲ ಹೋದಾಗ ಮತ್ತೆ ಕೇಳಿದರು, ಮತ್ತೆ ಇಲ್ಲ ಎಂದೆ. ಮೂರನೆಯ ಸಲ ಅವರು ಕೇಳಲಿಲ್ಲ. ನಡುವೆ ಒಮ್ಮೆ ಮಾತ್ರೆ ಇಳಿಸಿ ನೋಡಿದರು. ನಿನಗೆ ಸುಸ್ತಾದದ್ದೇ ನೆಪವಾಗಿ ಇಳಿಸುವುದನ್ನು ಕೈಬಿಟ್ಟರು. ಕಾರಣ ಗೊತ್ತಿದ್ದರೆ ಇನ್ನೂ ನಿಧಾನವಾಗಿ, ಪಟ್ಟು ಹಿಡಿದು ಇಳಿಸುತ್ತಿದ್ದರು.

ಬಿಳಿಗೆರೆಯವರು ಪಂಚಾಯ್ತಿ ಸೇರಿಸಲಿಲ್ಲ, ಜಗಳವಾಡಲಿಲ್ಲ. “ರೋಗ ಮುಚ್ಚಾಕಿ ಮದ್ವೆ ಮಾಡವ್ರೆ” ಎಂದು ದೇವೀರಮ್ಮ ಆಸ್ಪತ್ರೆಯ ಬಾಗಿಲಲ್ಲೇ ಹೇಳಿ, ನಿನ್ನನ್ನು ನಮ್ಮ ಜೊತೆಗೇ ಕಳಿಸಿದರು. ಮಾತು ಸುಳ್ಳಲ್ಲ, ಮುಚ್ಚಿಟ್ಟವರು ಯಾರೆಂಬುದಷ್ಟೇ ಅವರಿಗೆ ಗೊತ್ತಿರಲಿಲ್ಲ. ನಂಜುಂಡಸ್ವಾಮಿ ಎರಡು ಸಲ ನಿನ್ನನ್ನು ನೋಡಲು ಬಂದ. ಸೇಬು ತಂದು ಹೊಸ್ತಿಲ ಹತ್ತಿರ ಇಟ್ಟು, ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದ. ಮೂರನೆಯ ವರ್ಷ ಅವನಿಗೆ ಬೇರೆ ಮದುವೆಯಾಯಿತು. ನಿಮ್ಮವ್ವ ಸಾಯುವತನಕ ‘ನನ್ ಮಗ್ಳು ಯಾವ್ ಜನ್ಮದಲ್ಲಿ ಏನ್ ಪಾಪ ಮಾಡಿತ್ತೋ’ ಎಂದು ಕೊರಗುತ್ತಿದ್ದರು. ಅವರಿಗೆ ಗಂಜಿ ಕುಡಿಸುತ್ತ ನಾನು ಕೇಳಿಸಿಕೊಳ್ಳುತ್ತಿದ್ದೆ. ಆಗಲೂ ಹೇಳಲಿಲ್ಲ.

ನೀನು ಸುಮ್ಮನೆ ಕೂರಲಿಲ್ಲ. ಅಂಗನವಾಡಿ ಕೆಲಸ ಹಿಡಿದೆ, ನಂಜನಗೂಡಿನಲ್ಲಿ ಬಾಡಿಗೆ ಮನೆ ಮಾಡಿದೆ. ತಿಂಗಳಿಗೊಂದು ಭಾನುವಾರ ಮಾತ್ರೆಗೆಂದು ಅಂಗಡಿಗೆ ಬರುತ್ತೀಯ. ನಾನೇ ಎಣಿಸಿ, ಕವರಿಗೆ ಹಾಕಿ ಕೊಡುತ್ತೇನೆ. ಅತ್ತಿಗೆ ಇಲ್ಲದಿದ್ದರೆ ನಾನು ಉಳಿಯುತ್ತಿರಲಿಲ್ಲ ಎಂದು ನೀನು ಬಂದವರ ಹತ್ತಿರವೆಲ್ಲ ಹೇಳುತ್ತೀಯ. ಮೊದಮೊದಲು ಅದನ್ನು ಕೇಳಿದರೆ ಮೈ ಉರಿಯುತ್ತಿತ್ತು. ಆಮೇಲೆ ಅಭ್ಯಾಸವಾಯಿತು — ಅಭ್ಯಾಸವಾದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಹೋದ ತಿಂಗಳು ನೀನು ಬಂದಾಗ ನನ್ನ ಮಗಳು ಕಾವ್ಯ ಕಾಲೇಜಿನಿಂದ ಬಂದಳು. ಅವಳ ತೋಳು ಹಿಡಿದು ನೋಡಿ ನೀನು ಹೇಳಿದೆ, “ಇವ್ಳೂ ನನ್ನಂಗೇ ಕಡ್ಡಿ ಆಗವ್ಳೆ ಅತ್ಗೆ. ನನ್ ಮದ್ವೆಗೆ ಮುಂಚೆ ಕೊಟ್ಟಿದ್ರಲ್ಲ, ಆ ವಿಟಮಿನ್ ಮಾತ್ರೆ ಇವ್ಳಿಗೂ ಕೊಡಿ. ನಾನು ನೋಡಕ್ ಚೆನ್ನಾಗಿದ್ದದ್ದು ಅಂದ್ರೆ ಅದನ್ನ ತಕ್ಕಂಡಾಗ್ಲೇ.”

ನಾನು ಥಟ್ಟನೆ “ಬೇಡ!” ಎಂದುಬಿಟ್ಟೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. ನಿನಗೆ ಅರ್ಥವಾಗಲಿಲ್ಲ, ಕಾವ್ಯಳಿಗೂ ಆಗಲಿಲ್ಲ. ನನಗೆ ಆಯಿತು. ನನ್ನ ಮಗಳ ವಿಷಯ ಬಂದಾಗ ಹೇಳಲು ಒಂದು ಕ್ಷಣವೂ ಬೇಕಾಗಲಿಲ್ಲ. ನಿನ್ನ ವಿಷಯದಲ್ಲಿ ಹನ್ನೆರಡು ವರ್ಷವೂ ಸಾಕಾಗಲಿಲ್ಲ.

ನಿನ್ನೆ ನಿಮ್ಮಣ್ಣನಿಗೆ ಹೇಳಿದೆ. ಅದೇ ಡಾಕ್ಟರು ಈಗಲೂ ಮೈಸೂರಿನಲ್ಲಿ ನೋಡುತ್ತಾರೆ, ಬರುವ ಸೋಮವಾರ ಹನ್ನೊಂದು ಗಂಟೆಗೆ ಸಮಯ ತೆಗೆದುಕೊಂಡಿದ್ದೇನೆ. ಮಾತ್ರೆಯ ಹೆಸರು, ದಿನಕ್ಕೆ ಎಷ್ಟು, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಹೇಗೆ ನಿಲ್ಲಿಸಿದ್ದು — ಬೇರೆ ಹಾಳೆಯಲ್ಲಿ ಬರೆದು ಸಹಿ ಹಾಕಿ ಇದರೊಂದಿಗೆ ಇಟ್ಟಿದ್ದೇನೆ. ನೀನು ಬಂದರೆ ನಿನ್ನ ಎದುರಿನಲ್ಲೇ ಹೇಳುತ್ತೇನೆ. ಬರದಿದ್ದರೂ ಹೋಗಿ ಹೇಳುತ್ತೇನೆ. ಅವರು ನನ್ನ ಲೈಸೆನ್ಸಿನ ಬಗ್ಗೆ ಯಾರಿಗೆ ಬರೆಯಬೇಕೋ ಬರೆಯಲಿ. ಬಿಳಿಗೆರೆಗೂ ಹೋಗುತ್ತೇನೆ. ನಂಜುಂಡಸ್ವಾಮಿಗೆ ಈಗ ಮಕ್ಕಳಿದ್ದಾರೆ, ಅದರಿಂದ ನಿನಗೆ ಏನೂ ವಾಪಸು ಬರುವುದಿಲ್ಲ, ಗೊತ್ತು. ಆದರೂ ನೀನು ರೋಗ ಮುಚ್ಚಿಟ್ಟವಳಲ್ಲ ಎಂಬುದು ಆ ಮನೆಯವರಿಗೆ ತಿಳಿದಿರಬೇಕು.

ಇಷ್ಟು ವರ್ಷದ ಮೇಲೆ ನಿನ್ನ ಗ್ರಂಥಿ ಮತ್ತೆ ಕೆಲಸ ಶುರು ಮಾಡುತ್ತದೋ ಇಲ್ಲವೋ ನನಗೆ ತಿಳಿಯದು. ಡಾಕ್ಟರು ಪರೀಕ್ಷೆ ಮಾಡಿ ಹೇಳಬೇಕು. ಆಗಬಹುದು ಎಂದು ನಾನು ಆಸೆ ಹುಟ್ಟಿಸುವುದಿಲ್ಲ. ನನ್ನ ಬಾಯಿಂದ ನೀನು ಕೇಳಿದ ಭರವಸೆ ಸಾಕು. ಕ್ಷಮಿಸು ಎಂದೂ ಕೇಳುತ್ತಿಲ್ಲ.

ಕೇಳುವುದು ಒಂದೇ. ಇದನ್ನು ಓದಿದ ಸಿಟ್ಟಿಗೆ ಆ ಮಾತ್ರೆಗಳನ್ನು ತೆಗೆದು ಮೋರಿಗೆ ಎಸೆಯಬೇಕು ಎನಿಸುತ್ತದೆ. ಎಸೆಯಬೇಡ. ಒಂದು ದಿನವೂ ತಪ್ಪಿಸಬೇಡ, ಡಾಕ್ಟರು ಹೇಳುವ ತನಕ ಅರ್ಧವನ್ನೂ ಕಡಿಮೆ ಮಾಡಬೇಡ. ನನ್ನನ್ನು ಬಯ್ಯಿ, ನನ್ನ ಮುಖ ನೋಡಬೇಡ, ಊರಿಗೆಲ್ಲ ಹೇಳು — ಮಾತ್ರೆ ಮಾತ್ರ ಬಿಡಬೇಡ. ನನ್ನ ಕೈಯಿಂದ ತೆಗೆದುಕೊಳ್ಳಲು ಇನ್ನು ಮನಸ್ಸು ಬಾರದು. ಡಾಕ್ಟರ ಚೀಟಿಯನ್ನು ಈ ಕಾಗದದ ಜೊತೆಗೇ ಪಿನ್ನು ಮಾಡಿದ್ದೇನೆ. ಬೇರೆ ಅಂಗಡಿಗೆ ಹೋಗಿ ತೆಗೆದುಕೊ, ಮಂಗಳಾ. ತೆಗೆದುಕೊಳ್ಳುವ ಮೊದಲು ಸ್ಟ್ರಿಪ್ಪಿನ ಮೇಲಿನ ಹೆಸರನ್ನು ನೀನೇ ಓದಿ ನೋಡು.